ಬೇಸರ ಸಹಜ, ಬೈಗುಳ ಬೇಡ

ವಿಜಯನಗರದ ಓದುಗರೇ,

ಮೆಚ್ಚಿನ ಗೋಲ್‌ಕೀಪರ್ ಬೇರೆ ಕ್ಲಬ್ ಸೇರಿದ್ದಕ್ಕೆ ಊಟ ಸೇರುತ್ತಿಲ್ಲ, ಗೆಳೆಯರು ಅವರನ್ನು ‘ದ್ರೋಹಿ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಬೇಸರ ಸಹಜವೇ. ಆದರೆ ನಿಮಗೆ ಅಭಿಮಾನವಾದದ್ದು ಅವರಿಗೆ ಹೊಟ್ಟೆಪಾಡು. ಗೋಲ್‌ಕೀಪರ್ ಸ್ಥಾನ ತಂಡಕ್ಕೊಂದೇ. ಆಡುವ ಅವಕಾಶ ಸಿಕ್ಕ ಕಡೆ ಹೋಗುವುದು ದ್ರೋಹವಲ್ಲ.

ಬೆಂಗಳೂರು ಎಫ್‌ಸಿಯನ್ನೇ ನೋಡಿ. 2017ರಲ್ಲಿ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹೋದರು, ನಾರ್ವೆಯ ಕ್ಲಬ್‌ನಿಂದ ಗುರ್‌ಪ್ರೀತ್ ಸಿಂಗ್ ಸಂಧು ಬಂದರು. 2019ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು.

ಮುಂದಿನ ಪಂದ್ಯ ತಪ್ಪಿಸಬೇಡಿ. ಹೊಸ ಹುಡುಗ ಚೆಂಡು ಕೈಬಿಟ್ಟಾಗ ಹಳಬರ ಹೆಸರು ಕೂಗಬೇಡಿ. ಹಳಬರು ಎದುರಾಳಿಯಾಗಿ ಬಂದರೆ ಮೊದಲು ಚಪ್ಪಾಳೆ ತಟ್ಟಿ. ಆಟ ಶುರುವಾದ ಮೇಲೆ ಬೇಕಾದಷ್ಟು ಕಿಚಾಯಿಸಿ. ಎರಡು ವಾರದ ನಂತರವೂ ಊಟ, ನಿದ್ದೆ ಸರಿಹೋಗದಿದ್ದರೆ ಕಾರಣ ಫುಟ್‌ಬಾಲ್ ಒಂದೇ ಇರಲಾರದು. ಆಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಉಚಿತ.