ನಿಧಾನವಾಗಿ ಕಲಿಯುವ ತಮ್ಮ



ಒಂದು ಮನೆಯಲ್ಲಿ ಮೂವರು ಮಕ್ಕಳಿದ್ದರೆ ಮೂವರೂ ಒಂದೇ ತೆರನಾಗಿ ಬೆಳೆಯುವುದಿಲ್ಲ. ಒಬ್ಬನು ಬೇಗನೆ ಮಾತು ಕಲಿಯುವನು. ಇನ್ನೊಬ್ಬಳು ಬೇಗನೆ ನಡೆಯುವಳು. ಇಂತಹ ಹೆಚ್ಚುಕಡಿಮೆಗಳನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ಒಂದು ಮಗುವು ಕೂಡುವುದರಲ್ಲಿ, ನಡೆಯುವುದರಲ್ಲಿ, ನುಡಿಯುವುದರಲ್ಲಿ, ಎಲ್ಲದರಲ್ಲಿಯೂ ಬಹಳ ಹಿಂದುಳಿಯುವುದುಂಟು. ಅಂತಹ ಮಕ್ಕಳಲ್ಲಿ ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯೊಡನೆ ಹುಟ್ಟಿದವರೂ ಇರುವರು. ಲೋಕದಲ್ಲಿ ಹುಟ್ಟುವ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಈ ಸ್ಥಿತಿ ಇರುತ್ತದೆ. ಅದೆಂದರೇನು, ಅಂತಹ ಮಗುವಿರುವ ಮನೆಯು ಹೇಗೆ ನಡೆಯಬೇಕು, ಅದರಲ್ಲಿ ಅಣ್ಣ ಅಕ್ಕಂದಿರ ಪಾಲೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ನಿಮ್ಮಲ್ಲಿ ಕೆಲವರಿಗೆ ಇದು ನೆರೆಮನೆಯ ಸಂಗತಿ. ಕೆಲವರಿಗೆ ಸ್ವಂತ ಮನೆಯ ಸಂಗತಿಯೂ ಆಗಿರಬಹುದು.

ಹೆಸರು ಬಂದ ಬಗೆ

ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಎಂಬವನು 1866ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ಒಟ್ಟುಗೂಡಿಸಿ ವರ್ಣಿಸಿದನು. ಅವನ ಹೆಸರೇ ಇಂದು ಬಳಕೆಯಲ್ಲಿದೆ. ಚಪ್ಪಟೆಯಾದ ಮುಖ, ತುಸು ಮೇಲಕ್ಕೆ ಓರೆಯಾದ ಕಣ್ಣುಗಳು, ಗಿಡ್ಡನೆಯ ಕತ್ತು, ಸಡಿಲವಾದ ಸ್ನಾಯುಗಳು, ಇವು ಸಾಮಾನ್ಯವಾಗಿ ಕಂಡುಬರುವ ಗುರುತುಗಳು. ಡೌನನು ಈ ಮಕ್ಕಳ ಮುಖವನ್ನು ಮಂಗೋಲ ಜನರ ಮುಖಕ್ಕೆ ಹೋಲಿಸಿದ್ದರಿಂದ ಬಹುಕಾಲದವರೆಗೆ ವೈದ್ಯಗ್ರಂಥಗಳಲ್ಲಿಯೂ ಆ ಜನಾಂಗದ ಹೆಸರಿನಿಂದಲೇ ಇವರನ್ನು ಕರೆಯುತ್ತಿದ್ದರು. ಇದು ಮಕ್ಕಳಿಗೂ ಅವಮಾನ, ಆ ಜನಾಂಗಕ್ಕೂ ಅವಮಾನ. ಮಂಗೋಲಿಯ ದೇಶದವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು 1965ರಲ್ಲಿ ಆ ಹೆಸರನ್ನು ಕೈಬಿಟ್ಟಿತು. ಲೋಕದ ದೊಡ್ಡ ಸಂಸ್ಥೆಯೇ ತನ್ನ ಮಾತನ್ನು ತಿದ್ದಿಕೊಂಡಿರುವಾಗ ನಮ್ಮ ಗಲ್ಲಿಗಳಲ್ಲಿ ‘ಹುಚ್ಚ’, ‘ಪೆದ್ದ’ ಎಂದು ಕೂಗುವವರು ತಿದ್ದಿಕೊಳ್ಳಲಾರರೆ? ಆ ಮಗುವಿಗೂ ತಾಯಿತಂದೆಗಳು ತೊಟ್ಟಿಲಲ್ಲಿಟ್ಟು ಕರೆದ ಹೆಸರೊಂದಿದೆ. ಆ ಹೆಸರಿನಿಂದಲೇ ಕರೆಯಬೇಕು.

ಕಾರಣವೇನು?

ನಮ್ಮ ದೇಹವು ಅಸಂಖ್ಯ ಜೀವಕೋಶಗಳಿಂದ ಆಗಿದೆಯೆಂದು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಒಂದೊಂದು ಜೀವಕೋಶದಲ್ಲಿಯೂ ಸಾಮಾನ್ಯವಾಗಿ 23 ಜೋಡಿ, ಎಂದರೆ 46 ವರ್ಣತಂತುಗಳಿರುತ್ತವೆ. ದೇಹವು ಹೇಗೆ ಬೆಳೆಯಬೇಕೆಂಬ ಸೂಚನೆಗಳು ಇವುಗಳಲ್ಲಿ ಅಡಗಿರುವುವು. ಪ್ಯಾರಿಸ್ ನಗರದಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೇ, ರೇಮಂ ತುರ್ಪಾಂ ಎಂಬ ಮೂವರು 1959ರಲ್ಲಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜೀವಕೋಶಗಳಲ್ಲಿ 47 ವರ್ಣತಂತುಗಳಿರುವುವು. 21ನೆಯ ಜೋಡಿಯಲ್ಲಿ ಎರಡರ ಬದಲು ಮೂರು ಇರುವುವು. ಇಪ್ಪತ್ತೊಂದನೆಯದರಲ್ಲಿ ಮೂರು ಎಂಬ ಗುರುತಿಗಾಗಿಯೇ ಮೂರನೆಯ ತಿಂಗಳಾದ ಮಾರ್ಚಿಯ 21ನೆಯ ದಿನವನ್ನು ವಿಶ್ವಸಂಸ್ಥೆಯು 2012ರಿಂದ ಡೌನ್ ಸಿಂಡ್ರೋಮ್ ದಿನವನ್ನಾಗಿ ಆಚರಿಸುತ್ತ ಬಂದಿದೆ.

ಈ ಹೆಚ್ಚಿನ ವರ್ಣತಂತುವು ಬಹುಪಾಲು ತಾಯಿಯ ಅಂಡಾಣುವು ರೂಪುಗೊಳ್ಳುವಾಗಲೇ, ಕೆಲವೊಮ್ಮೆ ತಂದೆಯ ವೀರ್ಯಾಣುವು ರೂಪುಗೊಳ್ಳುವಾಗ ಸೇರಿಬಿಡುವುದು. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಂಭವವು ಹೆಚ್ಚುವುದಾದರೂ, ಎಳೆವಯಸ್ಸಿನ ತಾಯಂದಿರಿಗೂ ಇಂತಹ ಮಕ್ಕಳು ಹುಟ್ಟುವುದುಂಟು. ಬಸುರಿಯು ಗ್ರಹಣ ನೋಡಿದುದರಿಂದಾಗಲಿ, ಯಾರದೋ ದೃಷ್ಟಿಯಿಂದಾಗಲಿ, ದೇವರ ಮುನಿಸಿನಿಂದಾಗಲಿ, ಪೂರ್ವಜನ್ಮದ ಪಾಪದಿಂದಾಗಲಿ ಇದು ಬರುವುದಿಲ್ಲ. ಆದುದರಿಂದ ತಾಯಿಯನ್ನು ದೂರುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು. ಇದು ಅಂಟುರೋಗವೂ ಅಲ್ಲ. ಜತೆಯಲ್ಲಿ ಕೂತು ಉಂಡರೆ, ಆಡಿದರೆ ಯಾರಿಗೂ ತಗಲುವುದಿಲ್ಲ.

ದೇಹದ ಆರೈಕೆ

ಹೆಚ್ಚಿನ ವರ್ಣತಂತುವನ್ನು ತೆಗೆದುಹಾಕುವ ಔಷಧಿಯಿಲ್ಲ. ಆದರೆ ಅದರ ಜತೆಗೆ ಬರುವ ತೊಂದರೆಗಳಿಗೆ ಚಿಕಿತ್ಸೆಯುಂಟು. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಅನೇಕ ದೋಷಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ಕಿವಿ, ಕಣ್ಣು, ಥೈರಾಯ್ಡ್ ಗ್ರಂಥಿ, ಇವುಗಳನ್ನು ಆಗಾಗ್ಗೆ ಪರೀಕ್ಷಿಸಬೇಕು. ಕಿವಿ ಮಂದವಾದ ಮಗುವು ಮಾತು ಕೇಳದಿದ್ದರೆ ಅದನ್ನು ಹಟವೆಂದು ಬಗೆದು ಹೊಡೆಯುವವರಿದ್ದಾರೆ. ಮೊದಲು ಕಿವಿಯನ್ನು ತೋರಿಸುವುದು ವಿವೇಕ. ಕೆಲವರ ಕತ್ತಿನ ಕೀಲುಗಳು ಸಡಿಲವಾಗಿರುವುದರಿಂದ ಆಟದಲ್ಲಿ ಕತ್ತು ಹಿಡಿದು ಎಳೆಯುವುದು, ಲಾಗ ಹೊಡೆಸುವುದು ಸಲ್ಲದು.

ನಮ್ಮ ಧಾರಾವಿಯವರಿಗೆ 60 ಫೂಟ್ ರಸ್ತೆಯ ‘ಛೋಟಾ ಸಾಯನ್’ ಆರೋಗ್ಯಕೇಂದ್ರವೂ, ಸಾಯನ್‌ನ ಲೋಕಮಾನ್ಯ ತಿಲಕ ಆಸ್ಪತ್ರೆಯೂ ಹತ್ತಿರದಲ್ಲಿವೆ. ಸರಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕಿ ನೋಡಬೇಕಾದ ಸ್ಥಿತಿಗಳ ಪಟ್ಟಿಯಿದೆ. ಡೌನ್ ಸಿಂಡ್ರೋಮ್ ಆ ಪಟ್ಟಿಯಲ್ಲಿ ಸೇರಿದೆ. ನೂರು ವರ್ಷಗಳ ಹಿಂದೆ ಈ ಮಕ್ಕಳಲ್ಲಿ ಬಹುಮಂದಿ ಎಳವೆಯಲ್ಲಿಯೇ ತೀರಿಹೋಗುತ್ತಿದ್ದರು. ಇಂದು ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ಅವರು ಅರುವತ್ತು ವರ್ಷಗಳವರೆಗೂ ಬಾಳುತ್ತಿದ್ದಾರೆ.

ಮನೆಯ ಪಾಠ

ಈಗ ಧಾರಾವಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಒಂದೇ ಕೋಣೆ, ಮೇಲಿನ ಮಾಳಿಗೆಗೆ ಕಡಿದಾದ ಕಬ್ಬಿಣದ ಏಣಿ, ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಬರುವ ನಳದ ನೀರು. ತಂದೆ ಕೆಲಸಕ್ಕೆ ಹೊರಟಿದ್ದಾನೆ. ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಅಕ್ಕ ಏಳನೆಯ ಇಯತ್ತೆಯಲ್ಲಿದ್ದಾಳೆ. ಐದು ವರ್ಷದ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ. ಕೊನೆಯವಳು ಎರಡೂವರೆ ವರ್ಷದವಳು.

ಈ ತಮ್ಮನು ನಡೆಯಲು ಕಲಿತದ್ದು ಎರಡು ವರ್ಷ ದಾಟಿದ ಮೇಲೆ. ಅವನಿಗಿಂತ ಕಿರಿಯಳಾದ ತಂಗಿ ಈಗಾಗಲೇ ಅವನಿಗಿಂತ ಹೆಚ್ಚು ಮಾತನಾಡುವಳು. ಕಿರಿಯ ಮಗುವು ಹಿರಿಯದನ್ನು ದಾಟಿ ಮುಂದೆ ಹೋಗುವ ಆ ದಿನವು ತಾಯಿತಂದೆಗಳಿಗೆ ಕಠಿಣವಾದುದು. ಆಗ ಇಬ್ಬರನ್ನೂ ಹೋಲಿಸಿ ನುಡಿಯಬಾರದು. ಈ ತಿಂಗಳು ಮಾಡುತ್ತಿರುವುದನ್ನು ಅವನು ಹೋದ ವರ್ಷ ಮಾಡುತ್ತಿದ್ದುದರೊಡನೆ ಹೋಲಿಸಿದರೆ ಅವನ ಬೆಳವಣಿಗೆ ತಿಳಿಯುವುದು. ತಡವಾಗಿ ಕಲಿಯುವುದು ಬೇರೆ, ಕಲಿಯದೇ ಇರುವುದು ಬೇರೆ. ಈ ಎರಡನ್ನು ಒಂದೇ ಎಂದು ತಿಳಿದ ಮನೆಯಲ್ಲಿ ಮಗುವಿಗೆ ಕಲಿಸುವುದನ್ನೇ ನಿಲ್ಲಿಸಿಬಿಡುವರು.

ಕಲಿಸುವ ಕ್ರಮವೊಂದುಂಟು. ದೊಡ್ಡ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯಬೇಕು. ಚಡ್ಡಿ ತೊಡುವುದನ್ನೇ ತೆಗೆದುಕೊಳ್ಳಿ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಬಳಿಕ ಮೊಣಕಾಲಿನವರೆಗೆ, ಕೊನೆಗೆ ಸೊಂಟದವರೆಗೆ. ಅಕ್ಕನು ಮೊದಲಿನ ಹೆಜ್ಜೆಗಳನ್ನೆಲ್ಲ ತಾನೇ ಮಾಡಿಸಿ, ಸೊಂಟಕ್ಕೆ ಎಳೆದುಕೊಳ್ಳುವ ಕೊನೆಯ ಹೆಜ್ಜೆಯನ್ನು ಮಾತ್ರ ತಮ್ಮನಿಗೆ ಬಿಡಬೇಕು. ಕೆಲಸವನ್ನು ಮುಗಿಸಿದ ಸಂತೋಷವು ಅವನದಾಗುವುದು. ಅದು ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ದಿನವೂ ಅದೇ ಹೊತ್ತು, ಅದೇ ಕ್ರಮ, ಅವೇ ಮಾತುಗಳು. ಈ ಮಕ್ಕಳು ಕಿವಿಯಿಂದ ಕೇಳಿದುದಕ್ಕಿಂತ ಕಣ್ಣಿನಿಂದ ನೋಡಿದುದನ್ನು ಚೆನ್ನಾಗಿ ಗ್ರಹಿಸುವುದರಿಂದ, ಹೇಳುವುದರ ಜತೆಗೆ ಮಾಡಿ ತೋರಿಸಬೇಕು. ಹಳೆಯ ಕ್ಯಾಲೆಂಡರಿನ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಒಳ್ಳೆಯ ಪಾಠಸಾಮಗ್ರಿಯಾಗುವುದು.

ಮನೆಮಾತು

ಧಾರಾವಿಯ ಮಗುವು ಮನೆಯಲ್ಲಿ ಕನ್ನಡವನ್ನು, ಗಲ್ಲಿಯಲ್ಲಿ ಹಿಂದಿ, ಮರಾಠಿ, ತಮಿಳುಗಳನ್ನು ಕೇಳುವುದು. ‘ಮೊದಲೇ ಮಾತು ತಡ, ಕನ್ನಡ ಬಿಟ್ಟು ಒಂದೇ ಭಾಷೆ ಕಲಿಸಿ’ ಎಂದು ಉಪದೇಶಿಸುವವರು ಇದ್ದಾರೆ. ಆದರೆ ಎರಡು ಭಾಷೆಗಳ ನಡುವೆ ಬೆಳೆದುದರಿಂದ ಇಂತಹ ಮಕ್ಕಳ ಮಾತು ಕೆಡುವುದಿಲ್ಲವೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ತಾಯಿ, ಅಜ್ಜಿ, ಅಕ್ಕ ಯಾವ ಭಾಷೆಯಲ್ಲಿ ಧಾರಾಳವಾಗಿ ಮಾತನಾಡಬಲ್ಲರೋ ಆ ಭಾಷೆಯಲ್ಲಿಯೇ ಮಗುವಿಗೆ ಹೆಚ್ಚು ಮಾತು ಸಿಗುವುದು. ಮನೆಮಾತನ್ನು ಕಳೆದುಕೊಂಡ ಮಗುವು ಊರಿಗೆ ಹೋದಾಗ ಅಜ್ಜಿಯೊಡನೆ ಏನು ಆಡೀತು? ಈ ಮಕ್ಕಳು ಆಡುವುದಕ್ಕಿಂತ ಹೆಚ್ಚನ್ನು ಅರಿತಿರುತ್ತಾರೆ. ಬಾಯಿಮಾತು ಬರುವ ಮುನ್ನ ಕೈಸನ್ನೆಯನ್ನು ಕಲಿಸಿದರೆ ಮಾತಿಗೆ ಸಹಾಯವಾಗುವುದು.

ಅಕ್ಕನ ಪಾಲು

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆಸ್ಪತ್ರೆಯ ದಿನವು ಕೆಲಸದ ದಿನವೇ ಆಗಿರುತ್ತದೆ. ತಂದೆ ಹೋದರೆ ದಿನಗೂಲಿ ಹೋಯಿತು. ತಾಯಿ ಹೋದರೆ ಸಣ್ಣ ಮಗುವನ್ನು ನೋಡಿಕೊಳ್ಳುವವರಿಲ್ಲ. ಹೀಗಾಗಿ ಎಲ್ಲರ ಕಣ್ಣೂ ಅಕ್ಕನ ಮೇಲೆ ಬೀಳುವುದು. ಮೊದಲು ತಿಂಗಳಿಗೆ ಒಂದು ದಿನ ಶಾಲೆ ತಪ್ಪುವುದು. ಆಮೇಲೆ ವಾರಕ್ಕೆ ಒಂದು ದಿನ. ಕೊನೆಗೆ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರೇ ಇಲ್ಲವಾಗುವುದು. ತಮ್ಮನ ಮೇಲಿನ ಪ್ರೀತಿಯೇ ಅವಳ ಓದಿಗೆ ಅಡ್ಡವಾಗಿ ನಿಲ್ಲಬಾರದು. ತಮ್ಮನಿಗೆ ಅಕ್ಕ ಬೇಕು. ಅಕ್ಕನಿಗೆ ಶಾಲೆಯೂ ಬೇಕು.

ಆದುದರಿಂದ ಕೆಲಸವನ್ನು ಹಂಚಿಕೊಳ್ಳಬೇಕು. ಬೆಳಿಗ್ಗೆ ಬಟ್ಟೆ ತೊಡಿಸುವುದು ತಂದೆಯದು, ಊಟ ಮಾಡಿಸುವುದು ತಾಯಿಯದು, ಸಂಜೆ ಅರ್ಧ ಗಂಟೆಯ ಆಟಪಾಠ ಅಕ್ಕನದು, ಅಣ್ಣನಿದ್ದರೆ ಅಂಗನವಾಡಿಗೆ ಕರೆದೊಯ್ಯುವುದು ಅವನದು ಎಂದು ಗೋಡೆಗೆ ಬರೆದು ಅಂಟಿಸಿರಿ. ಇದು ಹೆಣ್ಣುಮಕ್ಕಳ ಕೆಲಸವೆಂದು ಹುಡುಗರು ಜಾರಿಕೊಳ್ಳಬಾರದು. ಅಕ್ಕನ ಓದಿನ ಹೊತ್ತೂ ಆ ಪಟ್ಟಿಯಲ್ಲಿ ಇರಬೇಕು. ಕೆಲವೊಮ್ಮೆ ಆಕೆಗೆ ಬೇಸರವೋ ನಾಚಿಕೆಯೋ ಆಗಬಹುದು. ಅದು ಪಾಪವಲ್ಲ, ತಾಯಿಯೊಡನೆಯೋ ಗುರುಗಳೊಡನೆಯೋ ಹೇಳಿಕೊಂಡರೆ ಹಗುರವಾಗುವುದು.

ಶಾಲೆಯಲ್ಲಿ ಸ್ಥಾನ

ಒಂದು ಮನೆಯ ಸಂಗತಿ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಈ ನಗರದಲ್ಲಿಯೇ ನಿದರ್ಶನವಿದೆ. ವಕೀಲ ಎಂಬ ಪಾರ್ಸಿ ದಂಪತಿಗಳ ಮಗಳು ದೀನಾ ಎಂಬವಳಿಗೆ ಡೌನ್ ಸಿಂಡ್ರೋಮ್ ಇತ್ತು. ಅವಳನ್ನು ಕಲಿಸುವ ಶಾಲೆ ದೊರೆಯದಿರಲು 1944ರಲ್ಲಿ ಅವರು ತಾವೇ ಶಾಲೆಯೊಂದನ್ನು ಆರಂಭಿಸಿದರು. ಅದು ಬೆಳೆದು ಇಂದು ಶಿವಡಿಯಲ್ಲಿ ತಾಯಿ ಜೈ ವಕೀಲರ ಹೆಸರಿನಿಂದಲೇ ನಡೆಯುತ್ತಿದೆ.

ಎಲ್ಲ ತಾಯಿತಂದೆಗಳೂ ಶಾಲೆ ಕಟ್ಟಲಾರರು. ಅದಕ್ಕಾಗಿಯೇ ಕಾನೂನು ಬಂದಿದೆ. ಅಂಗವಿಕಲರ ಹಕ್ಕುಗಳ ಬಗ್ಗೆ 2016ರಲ್ಲಿ ಆದ ಶಾಸನದಂತೆ, ನೂರಕ್ಕೆ 40ರಷ್ಟು ಇಲ್ಲವೆ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ, ತಾವು ಆಯ್ದುಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಯುಡಿಐಡಿ ಎಂಬ ಗುರುತಿನ ಚೀಟಿಯು ದೇಶದಾದ್ಯಂತ ಸಲ್ಲುವುದು. ರಜೆಗೆ ಕಲಬುರಗಿಗೋ ರಾಯಚೂರಿಗೋ ಹೋಗಿ ಬರುವ ನಮ್ಮಂಥವರಿಗೆ ಇದು ಉಪಯುಕ್ತ. ಆ ಚೀಟಿಯನ್ನೂ ಆಸ್ಪತ್ರೆಯ ಕಾಗದಗಳನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಟ್ಟು ಊರಿಗೂ ಒಯ್ಯಬೇಕು. ಮನೆಯಲ್ಲಿ ಓದುಬರಹ ಬಲ್ಲವರು ನೀವೇ ಆಗಿದ್ದರೆ ಈ ಕೆಲಸವೂ ನಿಮ್ಮದೇ.

ವಿದ್ಯಾರ್ಥಿಗಳೇ, ಅಂತಹ ಮಗುವೊಂದು ನಾಳೆ ನಮ್ಮ ಶಾಲೆಯ ಬಾಲವರ್ಗಕ್ಕೆ ಬಂದರೆ ಅದರ ಪಕ್ಕದಲ್ಲಿ ಕೂಡಿರಿ. ಆಟದಲ್ಲಿ ಒಂದು ಸರತಿ ಕೊಡಿರಿ. ಅದರ ಹೆಸರನ್ನು ಕೇಳಿದಾಗ ಉತ್ತರ ತಡವಾಗಿ ಬಂದೀತು. ನೀವೇ ಅದರ ಪರವಾಗಿ ಉತ್ತರ ಹೇಳಿಬಿಡಬೇಡಿರಿ. ಅದು ತಾನಾಗಿ ಹೇಳುವವರೆಗೆ ಕಾಯಿರಿ.