ಮನೆತನದ ಓಲೆಗ್ರಂಥಗಳ ಸಂರಕ್ಷಣೆ: ಬೆಳುವಾಯಿ–ಮೂಡುಬಿದಿರೆ ಪರಿಸರದ ಹಿನ್ನೆಲೆಯಲ್ಲಿ

ಮೂಡುಬಿದಿರೆ ಹಾಗೂ ಕಾರ್ಕಳಗಳ ನಡುವಣ ಬೆಳುವಾಯಿಯ ಪರಿಸರವು ಕರಾವಳಿಯ ಹಸ್ತಪ್ರತಿ ಸಂಪತ್ತಿನ ನೆಲೆಗಳಲ್ಲೊಂದು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (೧೯೪೮) ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿತು. ಆದರೆ ಸೂಚಿಗಳು ಮುಖ್ಯವಾಗಿ ಮಠ-ಬಸದಿಗಳ ಸಂಗ್ರಹಗಳನ್ನೇ ಆಶ್ರಯಿಸುತ್ತವೆ. ಮನೆಗಳ ಅಟ್ಟ, ದೇವರ ಕೋಣೆ, ಮರದ ಪೆಟ್ಟಿಗೆಗಳಲ್ಲಿ ಉಳಿದಿರುವ ಕಟ್ಟುಗಳ ಅಳಿವು ಉಳಿವು ಆಯಾ ಮನೆತನದವರ ಕೈಯಲ್ಲಿದೆ. ಲಿಪಿಯನ್ನು ಓದಬಲ್ಲವರು ಇಲ್ಲವಾದ ಮನೆಗಳಲ್ಲಿ ಗ್ರಂಥವು ಪೂಜೆಗಷ್ಟೇ ಸಲ್ಲುತ್ತದೆ. ಕೆಲವೊಮ್ಮೆ ನೀರಿಗೆ ಬಿಡಲ್ಪಡುತ್ತದೆ.

ಇಂಥ ಕಟ್ಟನ್ನು ದುರಸ್ತಿಗೊಳಿಸುವ ಮುನ್ನ ನಿರ್ಧರಿಸಬೇಕಾದ ಮೊದಲ ಸಂಗತಿ, ಅಕ್ಷರಗಳು ಕಂಠದಿಂದ ಕೊರೆದವೋ ಮಸಿಯಿಂದ ಬರೆದವೋ ಎಂಬುದು. ಕೊರೆದ ಗರಿಗೆ ಕಾಡಿಗೆಯನ್ನು ಎಣ್ಣೆಯೊಡನೆ ಲೇಪಿಸಿ ಒರೆಸಿದರೆ, ಮಸಿಯು ಗೀರುಗಳಲ್ಲಿ ನಿಂತು ಓದು ಸುಗಮವಾಗುತ್ತದೆ. ಮೂಡುಬಿದಿರೆಯ ಸುಪ್ರಸಿದ್ಧ ಧವಳಾ ಪ್ರತಿಗಳಾದರೋ ಶ್ರೀತಾಳದ ಗರಿಗಳ ಮೇಲೆ ಮಸಿಯಿಂದ ಬರೆದವು. ಅವುಗಳಲ್ಲಿ ವರ್ಣಚಿತ್ರಗಳೂ ಇವೆ. ಈ ಬಗೆಯ ಗರಿಗೆ ಅದೇ ಲೇಪನವನ್ನು ಮಾಡಿದರೆ ಅಕ್ಷರವೇ ಅಳಿಯಬಹುದು. ಒಂದಕ್ಕೆ ಚಿಕಿತ್ಸೆಯಾದದ್ದು ಇನ್ನೊಂದಕ್ಕೆ ವಿನಾಶ.

ಎರಡನೆಯದು ಕ್ರಮದ ಪ್ರಶ್ನೆ. ದಾರ ಜೀರ್ಣವಾದ ಕಟ್ಟನ್ನು ಬಿಚ್ಚಿದೊಡನೆ ಗರಿಗಳು ಚೆದುರುತ್ತವೆ. ಆದ್ದರಿಂದ ಶುಚಿಗೊಳಿಸುವುದಕ್ಕೆ ಮೊದಲೇ ಇದ್ದ ಸ್ಥಿತಿಯಲ್ಲಿ ಛಾಯಾಚಿತ್ರ ತೆಗೆದು, ಅಂಚಿನ ಪತ್ರಸಂಖ್ಯೆಗಳನ್ನು ದಾಖಲಿಸಬೇಕು. ಹೊರಗಿನ ಗರಿಗಳು ಹುಳು, ತೇವ, ಘರ್ಷಣೆಗಳಿಗೆ ಮೊದಲು ಬಲಿಯಾಗುತ್ತವೆ; ಲಿಪಿಕಾರನ ಹೆಸರು, ಸಂವತ್ಸರ, ತಿಥಿ, ವಾರಗಳನ್ನು ಹೇಳುವ ಸಮಾಪ್ತಿವಾಕ್ಯವಿರುವುದೂ ಬಹುಧಾ ಕೊನೆಯ ಗರಿಯಲ್ಲಿಯೇ. ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಮರುಕಳಿಸುವುದರಿಂದ, ತಿಥಿ-ವಾರಗಳಿರುವ ತುಣುಕು ಕಳೆದುಹೋದರೆ ಕಾಲನಿರ್ಣಯದ ಆಧಾರವೇ ಕಡಿದುಬೀಳುತ್ತದೆ. ಹುಡಿಯಾದ ಚೂರುಗಳನ್ನೂ ಪ್ರತ್ಯೇಕ ಲಕೋಟೆಯಲ್ಲಿ ಕಾಯ್ದಿಡಬೇಕೆನ್ನುವುದು ಇದಕ್ಕಾಗಿಯೇ.

ಮೃದುವಾದ ಕುಂಚದಿಂದ ಧೂಳು ತೆಗೆಯುವುದು ಎಲ್ಲ ಗರಿಗಳಿಗೂ ಸಲ್ಲುವ ಕ್ರಮ. ಬಿರುಸಾದ ಕೊರೆದ ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವ ರೂಢಿಯಿದೆ. ಅದು ಗರಿಗೆ ಬಾಗುವ ಗುಣ ನೀಡುವುದಲ್ಲದೆ ಕೀಟಗಳನ್ನೂ ದೂರವಿರಿಸುತ್ತದೆ. ಎಣ್ಣೆ ಹೆಚ್ಚಾದಲ್ಲಿ ಧೂಳು ಅಂಟಿ ಗರಿ ಕಪ್ಪಾಗುತ್ತದೆ. ಸೀಳಿದ ಗರಿಯನ್ನು ತೆಳುಕಾಗದ ಮತ್ತು ಪಿಷ್ಟದ ಅಂಟಿನಿಂದ ಜೋಡಿಸುವುದು ಯುಕ್ತ. ಬೇಕಾದಾಗ ಅದನ್ನು ಬಿಡಿಸಬಹುದು. ಅಂಟುಪಟ್ಟಿಯ ಗೋಂದು ಕ್ರಮೇಣ ಗರಿಯೊಳಗಿಳಿದು ಕಲೆಯಾಗುತ್ತದೆ, ಕೀಳಹೋದರೆ ಮೇಲ್ಪದರವನ್ನೇ ಕಿತ್ತುತರುತ್ತದೆ.

ಲುಪ್ತವಾದ ಅಕ್ಷರವನ್ನು ಊಹಿಸಿ ಗರಿಯ ಮೇಲೆಯೇ ತುಂಬುವುದು ಮಾತ್ರ ಸರ್ವಥಾ ವರ್ಜ್ಯ. ಊಹೆಗೆ ಸ್ಥಾನವಿರುವುದು ಪ್ರತಿಯಲ್ಲಿ, ಮೂಲದಲ್ಲಲ್ಲ. ಧವಳಾ ಟೀಕೆಯ ಮೊದಲ ಸಂಪುಟವು ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಪ್ರಕಟವಾದುದು ಮೂಲದಿಂದ ಇಳಿದುಬಂದ ಪ್ರತಿಗಳ ಆಧಾರದಿಂದ. ಅಂಥ ಪ್ರತಿಗಳ ಪಾಠವನ್ನು ಮುಂದೆ ತಿದ್ದಲು ಸಾಧ್ಯವಾಗುವುದು ಮೂಲದ ಗರಿಗಳು ಇದ್ದಂತೆಯೇ ಉಳಿದಿದ್ದರೆ ಮಾತ್ರ. ಮನೆತನದ ಪುಟ್ಟ ಕಟ್ಟಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಇಂದು ಓದಲಾಗದ ಗರಿಯನ್ನು ಓದಬಲ್ಲವರು ನಾಳೆ ಬರಬಹುದು. ತಿದ್ದಿ ಕೆಡಿಸಿದ ಗರಿಯನ್ನು ಓದಬಲ್ಲವರು ಎಂದಿಗೂ ದೊರೆಯಲಾರರು.