ಬೆಲೆಚೀಟಿಯ ಅರ್ಥ: ಕಣೇರಿ ಮತ್ತು ಬರ್ಲಿನ್ ವಸ್ತುಸಂಗ್ರಹಾಲಯಗಳ ಒಂದು ಅಭ್ಯಾಸ

ವಸ್ತುಸಂಗ್ರಹಾಲಯವೆಂದರೆ ರಾಜರ ಖಡ್ಗ, ಹಳೆಯ ನಾಣ್ಯ, ಗಾಜಿನ ಪೆಟ್ಟಿಗೆ ಎಂಬ ಭಾವನೆ ನಮ್ಮ ವ್ಯಾಪಾರಸ್ಥ ಬಂಧುಗಳಲ್ಲಿ ರೂಢವಾಗಿದೆ. ಜನಸಾಮಾನ್ಯರ ನಿತ್ಯಜೀವನವನ್ನೇ ಪುನಃ ನಿರ್ಮಿಸಿ, ನೋಡುಗನನ್ನು ಅದರ ನಡುವೆ ನಿಲ್ಲಿಸುವ ಸಂಗ್ರಹಾಲಯಗಳೂ ಇವೆ. ಅಂಥದೊಂದು, ಗೋಕಾಕ ಫಾಲ್ಸ್‌ನಿಂದ ಹುಕ್ಕೇರಿ, ಸಂಕೇಶ್ವರ, ನಿಪ್ಪಾಣಿ ಮಾರ್ಗವಾಗಿ ಒಂದೇ ದಿನದಲ್ಲಿ ನೋಡಿ ಮರಳಬಹುದಾದ, ಕೊಲ್ಹಾಪುರ ಸಮೀಪದ ಕಣೇರಿ ಮಠದ ಸಿದ್ಧಗಿರಿ ಗ್ರಾಮಜೀವನ ಸಂಗ್ರಹಾಲಯ. ಇನ್ನೊಂದು, ಕಮ್ಯುನಿಸ್ಟ್ ಆಡಳಿತದ ದಿನನಿತ್ಯದ ಬದುಕನ್ನು ತೋರಿಸುವ ಬರ್ಲಿನ್ ನಗರದ ಡಿ.ಡಿ.ಆರ್. ಮ್ಯೂಸಿಯಂ. ಸಂಬಂಧವೇ ಇಲ್ಲದಂತೆ ತೋರುವ ಈ ಎರಡರಲ್ಲಿಯೂ ವ್ಯಾಪಾರಿಯ ಕಣ್ಣಿಗೆ ಬೀಳುವ ಅಂಶ ಒಂದೇ: ಕೊಳ್ಳುವವನೂ ಮಾರುವವನೂ ಕೂಡಿ ಬೆಲೆ ಗೊತ್ತುಮಾಡುವ ಪದ್ಧತಿ ಅಲ್ಲಿ ಮುಖ್ಯವಲ್ಲ. ಆಗ ತಯಾರಕನ ಸ್ಥಿತಿ ಏನಾಗುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಣೇರಿಯಲ್ಲಿ ಬಯಲಿನಲ್ಲಿಯೇ ಊರು ಕಟ್ಟಿದ್ದಾರೆ. ಅಲ್ಲಿರುವವು ಮೇಣದ ಗೊಂಬೆಗಳೆಂದು ಅನೇಕರು ಹೇಳುವುದುಂಟು. ವಾಸ್ತವವಾಗಿ ಅವು ಸಿಮೆಂಟಿನ ನಿಜಗಾತ್ರದ ಪ್ರತಿಮೆಗಳು. ಕುಂಬಾರ, ಕಂಬಾರ, ಬಡಿಗ, ಪತ್ತಾರ, ಸಮಗಾರ ಮೊದಲಾದವರು ತಮ್ಮ ತಮ್ಮ ಕಸುಬಿನಲ್ಲಿ ತೊಡಗಿರುವಂತೆ ಕಾಣುತ್ತಾರೆ. ಕೆಲವು ಪ್ರತಿಮೆಗಳ ಮುಖದಲ್ಲಿ ಎಷ್ಟು ಜೀವಂತಿಕೆ ಇದೆಯೆಂದರೆ, ನಮ್ಮೊಡನೆ ಬಂದಿದ್ದ ಹಿರಿಯರೊಬ್ಬರು ಕಂಬಾರನೆದುರು ನಿಂತು ‘ಏನಪಾ, ಕುಡ ಬಡದ ಕೊಡ್ತೀ ಏನ?’ ಎಂದು ಕೇಳಿಯೇಬಿಟ್ಟರು.

ಮರಾಠಿಯಲ್ಲಿ ಬಲೂತೇದಾರಿ ಎಂದೂ ನಮ್ಮಲ್ಲಿ ಆಯಗಾರಿಕೆ ಎಂದೂ ಕರೆಯಲಾಗುವ ವ್ಯವಸ್ಥೆ ಇದು. ಕಂಬಾರನು ವರ್ಷವಿಡೀ ರೈತನ ಕುಡ, ಕುರ್ಚಿಗಿ ಹದಮಾಡಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ಪಡೆಯಬೇಕು. ಪ್ರತಿ ಕೆಲಸಕ್ಕೆ ಪ್ರತ್ಯೇಕ ಬೆಲೆಯಿಲ್ಲ. ಮಾರಾಟದ ಚಿಂತೆಯೂ ಇಲ್ಲ, ಗಿರಾಕಿ ಕೈಬಿಡುವನೆಂಬ ಭಯವೂ ಇಲ್ಲ. ಆದರೆ ಉತ್ತಮ ಕುಡ ಮಾಡಿದವನಿಗೂ ಹೇಗೋ ಮಾಡಿದವನಿಗೂ ಸಿಗುವ ಪಾಲು ರೂಢಿಯಿಂದ ನಿಗದಿಯಾದದ್ದೇ. ಮಳೆ ಹೋದರೆ ಕಣವೂ ಬರಿದು, ಆಯವೂ ಬರಿದು. ಕಸುಬು ಜಾತಿಗೆ ಕಟ್ಟಿದ್ದಾದ್ದರಿಂದ ಕಂಬಾರನ ಮಗನು ಬೇರೆ ಉದ್ಯೋಗ ಹಿಡಿಯುವುದು ದುಸ್ತರವಾಗಿತ್ತು. ಬರಗಾಲದ ವರ್ಷ ಹೇಗಿರುತ್ತಿತ್ತೆಂಬುದನ್ನು ಆ ಸುಂದರ ಊರಿನಲ್ಲಿ ನಾವು ಕಾಣಲಿಲ್ಲ. ಅದೊಂದು ಕೊರತೆಯೆಂದೇ ನಮ್ಮ ಅಭಿಪ್ರಾಯ.

ಬರ್ಲಿನ್ ಸಂಗ್ರಹಾಲಯವು ಈ ವಿಷಯದಲ್ಲಿ ಹೆಚ್ಚು ನಿಷ್ಠುರವಾಗಿದೆ. 2006ರ ಜುಲೈನಲ್ಲಿ ಸ್ಪ್ರೇ ನದಿಯ ದಂಡೆಯ ಮೇಲೆ ಖಾಸಗಿ ಬಂಡವಾಳದಿಂದ ಆರಂಭವಾದ ಈ ಸಂಸ್ಥೆಯಲ್ಲಿ ಕಪಾಟಿನ ಖಾನೆಗಳನ್ನು ನೋಡುಗನೇ ಎಳೆದು ತೆರೆಯಬೇಕು. 1949ರಿಂದ 1990ರವರೆಗೆ ಇದ್ದ ಪೂರ್ವ ಜರ್ಮನಿಯ ಸಾಮಾನ್ಯ ಕುಟುಂಬದ ಮನೆ, ಅಡುಗೆಮನೆ, ಬಟ್ಟೆಬರೆ, ಮಕ್ಕಳ ಆಟಿಕೆ ಎಲ್ಲವೂ ಅಲ್ಲಿವೆ. ಅದರೊಂದಿಗೆ ಗುಪ್ತ ಪೊಲೀಸರ ಕದ್ದಾಲಿಕೆ ಮತ್ತು ವಿಚಾರಣೆಯ ಕೊಠಡಿಯನ್ನೂ ತೋರಿಸಲಾಗಿದೆ.

ಅಲ್ಲಿಯ ಟ್ರಾಬಾಂಟ್ ಕಾರಿನಲ್ಲಿ ಸಂದರ್ಶಕರು ಕುಳಿತು ಚಕ್ರ ತಿರುಗಿಸಬಹುದು. ನೂಲಿನ ಗಿರಣಿಯ ಊರಿನವರಾದ ನಮಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕು. ಉಕ್ಕಿನ ತಗಡಿನ ಅಭಾವದಿಂದ ಆ ಕಾರಿನ ಮೈಯನ್ನು ಹತ್ತಿಯ ತ್ಯಾಜ್ಯ ಮತ್ತು ಫೀನಾಲ್ ರಾಳವನ್ನು ಒತ್ತಿ ತಯಾರಿಸುತ್ತಿದ್ದರು! ತಂತ್ರಜ್ಞರ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಹೆಸರು ನೋಂದಾಯಿಸಿ ಹತ್ತು ವರ್ಷಕ್ಕೂ ಮಿಕ್ಕಿ ಕಾಯಬೇಕಾಗಿದ್ದುದರಿಂದ, ಬಳಸಿದ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತಿತ್ತು. ಬೆಲೆ ಕಡಿಮೆ, ಸರಕು ಇಲ್ಲ. ಅಂಗಡಿಯಾತನು ಗಲ್ಲೆಯ ಕೆಳಗೆ ಬಾಗಿ ಬೇಕಾದವರಿಗೆ ಮಾತ್ರ ತೆಗೆದುಕೊಡುತ್ತಿದ್ದ ಸರಕಿಗೆ ‘ಬ್ಯೂಕ್‌ವಾರೆ’, ಅಂದರೆ ಬಾಗಿ ತೆಗೆಯುವ ಸರಕು, ಎಂಬ ಹೆಸರೇ ಬಿದ್ದಿತ್ತು. ಗಿರಾಕಿಯೇ ವ್ಯಾಪಾರಿಯ ಮರ್ಜಿ ಕಾಯಬೇಕಾದ ಕಾಲವದು. 1977ರಲ್ಲಿ ಕಾಫಿ ಬೀಜದ ಆಮದು ದುಬಾರಿಯಾದಾಗ, ಅರ್ಧದಷ್ಟು ಬಟಾಣಿ, ಬಾರ್ಲಿ ಮುಂತಾದವುಗಳನ್ನು ಬೆರೆಸಿದ ಪುಡಿಯನ್ನು ಸರಕಾರವೇ ಮಾರಿತು. ಜನ ಸಿಟ್ಟಿಗೆದ್ದರು.

ಸಣ್ಣ ಕೈಗಾರಿಕೆಯವರು ಗಮನಿಸಬೇಕಾದ ವರ್ಷ 1972. ಅದುವರೆಗೆ ಪೂರ್ವ ಜರ್ಮನಿಯಲ್ಲಿ ಬಟ್ಟೆ, ಆಟಿಕೆ, ಯಂತ್ರದ ಬಿಡಿಭಾಗ ಮುಂತಾದವುಗಳ ಖಾಸಗಿ ಮತ್ತು ಅರೆಖಾಸಗಿ ಕಾರಖಾನೆಗಳು ಉಳಿದುಕೊಂಡಿದ್ದವು. ಆ ವರ್ಷ ಅಂಥ 11,000ದಷ್ಟು ಉದ್ಯಮಗಳನ್ನು ಸರಕಾರ ವಶಪಡಿಸಿಕೊಂಡಿತು. ಅನೇಕ ಮಾಲೀಕರು ತಮ್ಮದೇ ಕಾರಖಾನೆಯಲ್ಲಿ ಸಂಬಳದ ನಿರ್ದೇಶಕರಾಗಿ ಉಳಿದರು. ತಂದೆಯ ಕಾಲದಿಂದ ನಡೆಸಿದ ಕಾರಖಾನೆಗೆ ನೌಕರನಾಗಿ ಕಾಲಿಡುವ ಮುಂಜಾನೆಯನ್ನು ಓದುಗರು ಒಂದು ಕ್ಷಣ ಊಹಿಸಿಕೊಳ್ಳಲಿ. 1990ರ ಜುಲೈ 1ರಂದು ಪಶ್ಚಿಮದ ನಾಣ್ಯ ಚಲಾವಣೆಗೆ ಬಂದಾಗ ಪೂರ್ವದ ಸರಕನ್ನು ಕೇಳುವವರಿಲ್ಲದಂತಾಯಿತು. ಎಲ್ಲವೂ ನಾಶವಾಗಲಿಲ್ಲವೆನ್ನಿ. ಸ್ಪ್ರೇವಾಲ್ಡ್ ಪ್ರದೇಶದ ಸೌತೆಕಾಯಿ ಉಪ್ಪಿನಕಾಯಿ ಮರಳಿ ಪೇಟೆ ಗಳಿಸಿತು. 1999ರಲ್ಲಿ ಅದರ ಹೆಸರಿಗೆ ಐರೋಪ್ಯ ಒಕ್ಕೂಟದ ರಕ್ಷಣೆಯೂ ದೊರೆಯಿತು.

ನಮ್ಮ ದೇಶ ಅಷ್ಟು ದೂರ ಹೋಗಲಿಲ್ಲ. ಅರ್ಧ ದಾರಿಯನ್ನಂತೂ ನಡೆಯಿತು. ಸ್ಕೂಟರಿಗೆ ವರ್ಷಗಟ್ಟಲೆ ಸರದಿ, ಟೆಲಿಫೋನಿಗೆ ಅರ್ಜಿ, ಸಕ್ಕರೆಗೆ ಪಡಿತರ ಚೀಟಿ ಇವೆಲ್ಲ ಹಿರಿಯರ ನೆನಪಿನಲ್ಲಿವೆ. ನೂಲಿನ ಗಿರಣಿಗಳು ಒಂದು ಕಾಲಕ್ಕೆ ಪೇಟೆಗೆ ಬಿಡುವ ನೂಲಿನಲ್ಲಿ ಅರ್ಧದಷ್ಟನ್ನು ಲಡಿಯ ರೂಪದಲ್ಲಿಯೇ ಕೊಡಬೇಕೆಂಬ ಕಟ್ಟಳೆಯಿತ್ತು. ಅದು ಕೈಮಗ್ಗದ ನೇಕಾರನ ಹಿತಕ್ಕಾಗಿ ಬಂದದ್ದೆಂಬುದನ್ನೂ ಮರೆಯಬಾರದು. ನಿಯಂತ್ರಣವೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ.

ಆ ದಿನಗಳ ಸಂಗ್ರಹಾಲಯಕ್ಕೆ ಗೋಕಾಕ ಫಾಲ್ಸ್‌ಗಿಂತ ತಕ್ಕ ಸ್ಥಳ ನಮಗೆ ತೋಚದು. ಇಲ್ಲಿ ಹಿಂದೆಯೇ ನೀರಿನಿಂದ ವಿದ್ಯುತ್ತು ಹುಟ್ಟಿತು. ತೂಗುಸೇತುವೆ, ಗಿರಣಿ, ಕಾರ್ಮಿಕರ ವಸತಿ ಎಲ್ಲವೂ ಒಂದೇ ಕಡೆ ಇವೆ. ಜಲಪಾತಕ್ಕೆ ಬಂದ ಪ್ರವಾಸಿಗನಿಗೆ ನೀರು ನೋಡಿದ ನಂತರ ನೋಡಲು ಒಂದು ಕೋಣೆಯಿದ್ದರೆ ಅವನು ಇನ್ನೊಂದು ಗಂಟೆ ನಿಲ್ಲುತ್ತಾನೆ, ಕರದಂಟು ಕೊಳ್ಳುತ್ತಾನೆ. ಹಾಜರಿ ಪುಸ್ತಕ, ಪಡಿತರ ಚೀಟಿ, ಕೀರ್ದಿ, ಖತಾವಣಿ, ಬಾಬಿನ್, ಲಡಿ ಮುಂತಾದವು ಇನ್ನೂ ಮನೆಮನೆಗಳಲ್ಲಿವೆ. ಕೆಲಸ ನಿಂತ ತಿಂಗಳುಗಳ ಉದ್ದರಿ ಪುಸ್ತಕವನ್ನೂ ಅಲ್ಲಿ ಇಡಬೇಕು. ಇಲ್ಲವಾದರೆ ಅದೂ ಮತ್ತೊಂದು ಸುಂದರ ಊರಾದೀತು.

ಸಿಮೆಂಟ್ ಮೇಲಿನ ನಿಯಂತ್ರಣ 1982ರಲ್ಲಿ ಭಾಗಶಃ ಸಡಿಲಾಗಿ, 1989ರಲ್ಲಿ ಪೂರ್ತಿ ಹೋಯಿತು. ಅದಕ್ಕೂ ಮುಂಚಿನ ಪರ್ಮಿಟ್‌ಗಳ ಒಂದು ಕಟ್ಟು ನಮ್ಮ ಅಂಗಡಿಯ ಅಟ್ಟದಲ್ಲಿದೆ. ಕಳೆದ ದೀಪಾವಳಿಯಲ್ಲಿ ಅಂಗಡಿ ಸ್ವಚ್ಛ ಮಾಡುವಾಗ ಮಗನು ಅದನ್ನು ರದ್ದಿಗೆ ಕಟ್ಟಿ ಇಟ್ಟಿದ್ದನು. ಬಿಚ್ಚಿಸಿ, ಹೊಸ ಅರಿವೆಯಲ್ಲಿ ಸುತ್ತಿ, ಮತ್ತೆ ಅಟ್ಟಕ್ಕೇರಿಸಿದ್ದೇವೆ.